ಸಂಪಾದಕರಿಗೆ ಪತ್ರ, ಆರ್‌ಟಿಐ, ವಾಟ್ಸ್ಆ್ಯಪ್: ಯಾವುದರಿಂದ ಕೆಲಸ ಆಯಿತು?

ಉಡುಪಿಯ ನಮ್ಮ ರಸ್ತೆಯ ಚರಂಡಿಗೆ ಒಂದು ಕಡೆ ಸ್ಲ್ಯಾಬ್ ಇರಲಿಲ್ಲ. ಬೇಸಿಗೆಯಲ್ಲಿ ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಂಡು ಹೋಗಬಹುದು. ಜೂನ್‌ ಮಳೆಯಲ್ಲಿ ರಸ್ತೆ ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಶಾಲೆಗೆ ಹೋಗುವ ಮಕ್ಕಳು ಅದರ ಬದಿಯಲ್ಲೇ ನಡೆಯಬೇಕು. ಹಾಗಾಗಿ ನನಗೆ ಗೊತ್ತಿದ್ದ ದಾರಿಗಳನ್ನೆಲ್ಲ ಹಿಡಿದು ನೋಡಿದೆ.

ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೊ ಹಾಕಿದೆ. ಎಲ್ಲರೂ ‘ಹೌದು, ಹೌದು’ ಅಂದರು. ಆದರೆ ಕೆಲಸ ಮಾಡಿಸಬೇಕಾದವರು ಆ ಗ್ರೂಪಿನಲ್ಲಿ ಇರಲಿಲ್ಲ.

ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಕೊಡುವುದು ಇದಕ್ಕಿಂತ ಎಷ್ಟೋ ಮೇಲು. ದೂರಿಗೆ ಒಂದು ಸಂಖ್ಯೆ ಸಿಗುತ್ತದೆ. ಮುಂದೆ ಎಲ್ಲೇ ಹೋದರೂ ಆ ಸಂಖ್ಯೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಆಮೇಲೆ ಪತ್ರಿಕೆಗೆ ಬರೆದೆ. ನಮ್ಮ ಕಡೆ ಪತ್ರಿಕೆ ಓದುವ ಅಭ್ಯಾಸ ಗಟ್ಟಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟಿದ್ದು 1843ರಲ್ಲಿ, ಮಂಗಳೂರಿನಿಂದ. ಮಣಿಪಾಲದಿಂದ ‘ಉದಯವಾಣಿ’ 1970ರಿಂದ ಬರುತ್ತಿದೆ. ಹೋಟೆಲಿನಲ್ಲಿ ಚಹಾ ಕುಡಿಯುವವರೂ ಸ್ಥಳೀಯ ಪುಟ ಬಿಡುವುದಿಲ್ಲ. ನನ್ನ ಪತ್ರ ಬಂದ ದಿನ ಅಂಗಡಿಯವರು, ರಿಕ್ಷಾದವರು ಕರೆದು ಮಾತಾಡಿಸಿದರು. ಹಿಂದಿನ ಮಳೆಗಾಲದಲ್ಲಿ ಅಲ್ಲೇ ಬಿದ್ದು ಕಾಲು ಉಳುಕಿಸಿಕೊಂಡ ಅಜ್ಜಿಯ ವಿಷಯ ಗೊತ್ತಾಗಿದ್ದೂ ಆಗಲೇ. ಸ್ಲ್ಯಾಬ್ ಮಾತ್ರ ಬರಲಿಲ್ಲ.

ಅದಕ್ಕೇ ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯೇ ಹೇಳುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ‘ಯಾಕೆ ಮಾಡಿಲ್ಲ?’ ಅಂತ ಕೇಳಿದರೆ ಉಪಯೋಗ ಕಡಿಮೆ. ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಬಿಲ್ ಇವುಗಳ ಪ್ರತಿ ಕೇಳಬೇಕು. ನನಗೆ ಸಿಕ್ಕ ಕಾಗದದಲ್ಲಿ ಆ ಕೆಲಸಕ್ಕೆ ಮಂಜೂರಾತಿ ಆಗಿಯೇ ಇತ್ತು! ಆದರೆ ಕಾಗದ ನನ್ನ ಕೈಯಲ್ಲಿದ್ದರೆ ಏನು ಬಂತು? ಊರಿಗೆ ಗೊತ್ತಾಗಬೇಕಲ್ವಾ?

ಮತ್ತೆ ಸಂಪಾದಕರಿಗೆ ಬರೆದೆ. ಮಂಜೂರಾದ ದಿನಾಂಕ, ದೂರಿನ ಸಂಖ್ಯೆ, ಜಾಗದ ಗುರುತು, ಇಷ್ಟೇ. ಮೊದಲ ಪತ್ರವನ್ನು ಅರ್ಧ ಕತ್ತರಿಸಿದ್ದರು, ಇದನ್ನು ಪೂರ್ತಿ ಹಾಕಿದರು. ಅದೇ ವಾರ ಎಂಜಿನಿಯರ್ ಬಂದು ಅಳತೆ ತೆಗೆದರು. ಮಳೆ ಹಿಡಿಯುವ ಮೊದಲು ಸ್ಲ್ಯಾಬ್ ಹಾಕಿದರು.

ನನ್ನ ಮಟ್ಟಿಗೆ ಪತ್ರವೇ ಮೇಲು, ಆದರೆ ಆರ್‌ಟಿಐ ಕಾಗದ ಜೊತೆಗಿದ್ದಾಗ. ಬರೀ ಸಿಟ್ಟಿನ ಪತ್ರಕ್ಕೆ ‘ಪರಿಶೀಲಿಸುತ್ತೇವೆ’ ಅಂದರೆ ಮುಗಿಯಿತು. ದಿನಾಂಕ ಇರುವ ಪತ್ರಕ್ಕೆ ಹಾಗೆ ಹೇಳಿ ತಪ್ಪಿಸಿಕೊಳ್ಳುವುದು ಕಷ್ಟ.

ಕಳಿಸುವ ಬಗ್ಗೆ ಒಂದು ಮಾತು. 50 ಪೈಸೆಯ ಅಂಚೆ ಕಾರ್ಡ್ ಈಗಲೂ ನಡೆಯುತ್ತದೆ, ಆದರೆ ದಾಖಲೆಯ ಫೋಟೊ ಲಗತ್ತಿಸಲು ಇಮೇಲೇ ಅನುಕೂಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಹಳೆಯ ಫಾಂಟ್ ಆದರೆ ಅಕ್ಷರ ಒಡೆದು ಹೋಗುತ್ತದೆ. ಹೆಸರು, ವಿಳಾಸ, ಫೋನ್ ನಂಬರ್ ಕೊಡಿ. ಚರಂಡಿಯ ವಿಷಯವಾದರೆ ಆರ್‌ಟಿಐಯನ್ನು ಮಾರ್ಚ್‌ನಲ್ಲೇ ಹಾಕಿ, ಆಗ ಪತ್ರ ಬರೆಯಲು ಮಳೆಗೆ ಮೊದಲು ಸಮಯ ಸಿಗುತ್ತದೆ.