50 ದಾಟಿದ ಓಟಗಾರರಿಗೆ: ರಿಕವರಿ ಪುಡಿಯೋ, ವೇ ಡಬ್ಬಿಯೋ, ಹುರಿಹಿಟ್ಟಿನ ಲೋಟವೋ?

ಶನಿವಾರ ಸಂಜೆ ಇಂಟರ್ವಲ್ (ಬಿಟ್ಟುಬಿಟ್ಟು ಜೋರಾಗಿ ಓಡುವ ತಾಲೀಮು), ಭಾನುವಾರ ನಸುಕಿಗೆ ಲಾಂಗ್ ರನ್ ಇಟ್ಟುಕೊಂಡವರಿಗೆ ನಡುವೆ ಸಿಗುವುದು ಹತ್ತು ಹನ್ನೆರಡು ಗಂಟೆ. ಅದರಲ್ಲಿ ಆರೇಳು ಗಂಟೆ ನಿದ್ದೆಗೆ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಕುಡಿಯಲೆಂದು ಮೂರನ್ನು ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ: ಓಟದ ದಣಿವಿನಿಂದ ಚೇತರಿಸಿಕೊಳ್ಳಲೆಂದು ಮಾರುವ ಸಿದ್ಧ ರಿಕವರಿ ಪುಡಿ, ಹಾಲಿನಿಂದ ಬೇರ್ಪಡಿಸಿದ ವೇ ಪ್ರೋಟೀನ್ ಪುಡಿ, ಹಾಲಿನಲ್ಲಿ ಕಲಸಿದ ರಾಗಿ ಹುರಿಹಿಟ್ಟು. ಹುರಿಹಿಟ್ಟೇ ನನ್ನ ಆಯ್ಕೆ. ರಿಕವರಿ ಪುಡಿಗೆ ಕೊಟ್ಟ ಹಣ ದಂಡವಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ.

ದಂಡವಾದದ್ದು ಏಕೆಂದರೆ, ಆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ 4:1 ಎಂಬ ಅನುಪಾತ. ನಾಲ್ಕು ಪಾಲು ಕಾರ್ಬೋಹೈಡ್ರೇಟ್, ಒಂದು ಪಾಲು ಪ್ರೋಟೀನ್. ವಯಸ್ಸಾದಂತೆ ಸ್ನಾಯು ಪ್ರೋಟೀನಿಗೆ ಸ್ಪಂದಿಸುವುದು ಮಂದವಾಗುತ್ತದೆ. ಇಪ್ಪತ್ತೈದರ ಹುಡುಗನಿಗೆ ಒಂದು ಹೊತ್ತಿಗೆ ದೇಹತೂಕದ ಪ್ರತಿ ಕೆಜಿಗೆ ಸುಮಾರು 0.25 ಗ್ರಾಂ ಸಾಕಾದರೆ, ಅರವತ್ತರ ಆಸುಪಾಸಿನವರಿಗೆ ಸುಮಾರು 0.4 ಗ್ರಾಂ ಬೇಕು. 60 ಕೆಜಿ ತೂಗುವವರಿಗೆ ಅದು 15 ಗ್ರಾಂ ಇದ್ದದ್ದು 24ಕ್ಕೆ ಏರಿದಂತೆ. 50 ಗ್ರಾಮಿನ ಒಂದು ಅಳತೆ ರಿಕವರಿ ಪುಡಿಯಲ್ಲಿ ಪ್ರೋಟೀನ್ 9-10 ಗ್ರಾಂ ಮಾತ್ರ. 24 ಗ್ರಾಂ ತಲುಪಬೇಕೆಂದರೆ ಎರಡೂವರೆ ಅಳತೆ ಹಾಕಬೇಕು, ಜೊತೆಗೆ 96 ಗ್ರಾಂ ಸಕ್ಕರೆಯಂಥ ಪುಡಿ ಹೊಟ್ಟೆಗಿಳಿಯುತ್ತದೆ. ಡಬ್ಬಿ ಹತ್ತು ಬಾರಿಗೂ ಬರುವುದಿಲ್ಲ. ಅನುಪಾತ ನೋಡಿ ಕೊಳ್ಳಬೇಡಿ. ಒಂದು ಲೋಟಕ್ಕೆ ಎಷ್ಟು ಗ್ರಾಂ ಪ್ರೋಟೀನ್ ಎಂದು ನೋಡಿ.

ಹುರಿಹಿಟ್ಟಿನ ಲೋಟದ ಅಳತೆ, 60 ಕೆಜಿ ತೂಕಕ್ಕೆ: ಟೋನ್ಡ್ ಹಾಲು 300 ಮಿಲಿ, ಕೆನೆ ತೆಗೆದ ಹಾಲಿನ ಪುಡಿ 35 ಗ್ರಾಂ, ರಾಗಿ ಹುರಿಹಿಟ್ಟು 50 ಗ್ರಾಂ, ಬೆಲ್ಲದ ಪುಡಿ 10 ಗ್ರಾಂ, ಎರಡು ಚಿಟಿಕೆ ಉಪ್ಪು. ಪ್ರೋಟೀನ್ ಸುಮಾರು 25 ಗ್ರಾಂ, ಕಾರ್ಬೋಹೈಡ್ರೇಟ್ 75 ಗ್ರಾಮಿನ ಹತ್ತಿರ. ಸ್ನಾಯುಗಳಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟ್ ಆದ ಗ್ಲೈಕೊಜೆನ್ ಬೇಗ ತುಂಬಲು ಮೊದಲ ಗಂಟೆಗೆ ಬೇಕಾದ ಕೆಜಿಗೆ ಒಂದು ಗ್ರಾಂ ಇದರಲ್ಲಿ ದಾಟುತ್ತದೆ. ಇಲ್ಲಿ ಹಾಲಿನ ಪುಡಿಯನ್ನು ಬಿಡುವಂತಿಲ್ಲ. ರಾಗಿಯ ಪ್ರೋಟೀನ್ ನೂರಕ್ಕೆ ಏಳು ಗ್ರಾಮಿನಷ್ಟೇ, ಅದರಲ್ಲೂ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ ಕಡಿಮೆ. ಬರೀ ಹಾಲು, ಹುರಿಹಿಟ್ಟು ಕಲಸಿದರೆ ಲೋಟ 13 ಗ್ರಾಮಿಗೆ ನಿಲ್ಲುತ್ತದೆ. ‘ನಮ್ಮ ರಾಗಿಯಲ್ಲಿ ಎಲ್ಲ ಇದೆ’ ಎಂದುಕೊಳ್ಳುವವರು ಎಡವುವುದು ಇಲ್ಲಿಯೇ.

ಈಗ ಗಂಟಿನ ವಿಷಯ. ಹುರಿಹಿಟ್ಟನ್ನು ಅರ್ಧಕ್ಕೇ ಕೈಬಿಡುವವರಲ್ಲಿ ಹೆಚ್ಚಿನವರು ಗಂಟಿಗೆ ಬೇಸತ್ತವರು. ಅರಳಿಸುವಾಗಲೇ ರಾಗಿಯ ಪಿಷ್ಟ ಬೆಂದಿರುತ್ತದೆ. ಹಾಗಾಗಿ ತಣ್ಣನೆಯ ಹಾಲನ್ನೂ ತಕ್ಷಣ ಹೀರುತ್ತದೆ. ಶೇಕರ್ ತಳಕ್ಕೆ ಹಿಟ್ಟು ಹಾಕಿ ಮೇಲೆ ಹಾಲು ಸುರಿದರೆ ಹೊರಪದರ ನೆಂದು ಅಂಟಾಗಿ, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಎಷ್ಟು ಕುಲುಕಿದರೂ ಅದು ಒಡೆಯುವುದಿಲ್ಲ. ತಳದ ಮೂಲೆಯಲ್ಲಿ ಮೆತ್ತಿದ್ದನ್ನು ಚಮಚದಿಂದ ಕೆರೆಯಬೇಕು.

ಮೊದಲು ಹಾಲು, ಅದಕ್ಕೆ ಬೆಲ್ಲ, ಉಪ್ಪು, ಹಾಲಿನ ಪುಡಿ ಹಾಕಿ ಒಮ್ಮೆ ಕುಲುಕಬೇಕು. ಆಮೇಲೆ ಹುರಿಹಿಟ್ಟನ್ನು ಎರಡು ಕಂತಿನಲ್ಲಿ ಹಾಕಿ, ಪ್ರತಿ ಸಲ ಹದಿನೈದು ಇಪ್ಪತ್ತು ಸೆಕೆಂಡು ಜೋರಾಗಿ ಕುಲುಕಬೇಕು. ಶೇಕರ್ ಇಲ್ಲದಿದ್ದರೆ ಪಾತ್ರೆಯಲ್ಲಿ ನಾಲ್ಕು ಚಮಚ ಹಾಲು ಹಾಕಿ ಹಿಟ್ಟನ್ನು ಗಟ್ಟಿಯಾಗಿ ಕಲಸಿಕೊಂಡು, ಉಳಿದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಕಡಗೋಲಿನಲ್ಲಿ ಕಡೆಯಿರಿ. ಇದರಲ್ಲಿ ಗಂಟು ಬೀಳುವುದೇ ಇಲ್ಲ. ಹಾಲು ಉಗುರುಬೆಚ್ಚಗಿದ್ದರೆ ಸಾಕು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಸಾಧ್ಯತೆ ಇದೆ.

ಕಲಸಿದ ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಹತ್ತು ನಿಮಿಷಕ್ಕೆ ಅದು ಗಂಜಿಯಂತೆ ಗಟ್ಟಿಯಾಗುತ್ತದೆ, ಹದಿನೈದಕ್ಕೆ ಚಮಚದಲ್ಲಿ ತಿನ್ನುವ ಹದಕ್ಕೆ ಬರುತ್ತದೆ. ಓಡಿ ದಣಿದ ಮೇಲೆ ಹಸಿವೆಯೇ ಸತ್ತಿರುವಾಗ ಅಂಥ ಮುದ್ದೆ ಗಂಟಲಿಳಿಯದು. ಓಟಕ್ಕೆ ಹೊರಡುವ ಮೊದಲೇ ಕಲಸಿ ಬಾಟಲಿಯಲ್ಲಿ ಕಾರಿನೊಳಗೆ ಇಡುವವರಿದ್ದಾರೆ. ಬೇಸಿಗೆಯಲ್ಲಿ ಎರಡು ಗಂಟೆಗೆ ಹಾಲು ಹುಳಿಯುವ ಭಯ ಬೇರೆ. ಪುಡಿಗಳನ್ನೆಲ್ಲ ಒಣ ಡಬ್ಬಿಯಲ್ಲಿ ಬೆರೆಸಿಟ್ಟುಕೊಂಡು, ಮೈದಾನದ ಪಕ್ಕದ ಬೂತ್‌ನಲ್ಲಿ ತಣ್ಣನೆಯ ಹಾಲು ಕೊಳ್ಳುವುದು ಸುಲಭ. ಅಂಗಡಿಯಲ್ಲಿ ಪೊಟ್ಟಣದ ಹಿಂಬದಿ ಓದಿ ಕೊಳ್ಳಿ: ಬರೀ ರಾಗಿ ಹಿಟ್ಟು ಹಸಿಯದು, ಬೇಯಿಸದೆ ಆಗದು. ಕೆಲವು ಹುರಿಹಿಟ್ಟಿಗೆ ಸಕ್ಕರೆ ಮೊದಲೇ ಬೆರೆಸಿರುತ್ತಾರೆ.

ವೇ ವಿಷಯಕ್ಕೆ ಬಂದರೆ, ಪ್ರೋಟೀನಿನ ಗುಣದಲ್ಲಿ ಅದನ್ನು ಮೀರಿಸುವುದು ಕಷ್ಟ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್, 25 ಗ್ರಾಂ ವೇ ಪ್ರೋಟೀನಿನಲ್ಲಿ ಎರಡೂವರೆ ಗ್ರಾಂ ಇರುತ್ತದೆ. ನನ್ನ ಲೋಟದಲ್ಲಿ ಎರಡೂಕಾಲರ ಹತ್ತಿರ. ಆದರೆ ವೇಯನ್ನು ನೀರಿನಲ್ಲಿ ಕುಲುಕಿ ಕುಡಿದು ಊಟ ತಡಮಾಡುವವರ ಗ್ಲೈಕೊಜೆನ್ ಬರಿದಾಗಿಯೇ ಉಳಿಯುತ್ತದೆ, ಕಾರ್ಬೋಹೈಡ್ರೇಟ್ ಅದರಲ್ಲಿ ಇಲ್ಲವೆಂಬಷ್ಟು ಕಡಿಮೆ. ಜೊತೆಗೆ ಎರಡು ಪಚ್ಚಬಾಳೆಹಣ್ಣು, ಒಂದು ತುಂಡು ಬೆಲ್ಲ ಬೇಕೇ ಬೇಕು. ಬಿಸಿ ರಾಗಿ ಗಂಜಿಗೆ ವೇ ಸುರಿಯಬೇಡಿ. 70 ಡಿಗ್ರಿಯ ಹತ್ತಿರ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ. ಬೆಲೆ ನೋಡಿದರೆ ನಾನು ಕೊಳ್ಳುವ ದರದಲ್ಲಿ ಒಂದು ಸ್ಕೂಪ್ ವೇಗೆ ಹುರಿಹಿಟ್ಟಿನ ಎರಡು ಲೋಟ ಬರುತ್ತದೆ. ವಾರಕ್ಕೆ ಮೂರು ಕಠಿಣ ಓಟ ಇದ್ದವರಿಗೆ ಇದು ಸಣ್ಣ ಮೊತ್ತವಲ್ಲ.

ಎರಡು ಸಂದರ್ಭಗಳಲ್ಲಿ ಮಾತ್ರ ನಾನೇ ವೇ ಕಡೆ ತಿರುಗುತ್ತೇನೆ. ಬೆಳಿಗ್ಗೆ ಓಡಿ ಮಧ್ಯಾಹ್ನವೇ ಸೈಕಲ್ ಹತ್ತಬೇಕಾದ ದಿನ ರಾಗಿಯ ನಾರು ಹೊಟ್ಟೆಯಲ್ಲಿ ಭಾರವಾಗುತ್ತದೆ. ಆಗ ವೇ, ಬಾಳೆಹಣ್ಣೇ ಸರಿ. ಇನ್ನೊಂದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗದವರ ವಿಷಯ. ಆ ಲೋಟದಲ್ಲಿ 30 ಗ್ರಾಮಿಗೂ ಹೆಚ್ಚು ಲ್ಯಾಕ್ಟೋಸ್ ಇದೆ. ವಯಸ್ಸಾದವರಲ್ಲಿ ಅದನ್ನು ಅರಗಿಸುವ ಶಕ್ತಿ ಕುಂದಿರುವುದು ನಮ್ಮಲ್ಲಿ ಸಾಮಾನ್ಯ. ಒಂದು ಲೋಟ ಹಾಲು ತಡೆದುಕೊಳ್ಳುವ ಹೊಟ್ಟೆಯೂ ಇಷ್ಟಕ್ಕೆ ಗುಡುಗುಟ್ಟಬಹುದು. ಮರುದಿನ ನಸುಕಿಗೆ ಓಟ ಇರುವಾಗ ಅದರ ಪಾಡು ಹೇಳಬೇಕಿಲ್ಲ. ಅಂಥವರು ಹಾಲು, ಹಾಲಿನ ಪುಡಿ ಎರಡನ್ನೂ ಬಿಟ್ಟು, 350 ಮಿಲಿ ತಣ್ಣೀರಿನಲ್ಲಿ ಒಂದು ಸ್ಕೂಪ್ ವೇ ಐಸೊಲೇಟ್, ಅದೇ 50 ಗ್ರಾಂ ಹುರಿಹಿಟ್ಟು, 25 ಗ್ರಾಂ ಬೆಲ್ಲ ಕಲಸಿಕೊಳ್ಳಲಿ. ಐಸೊಲೇಟ್‌ನಲ್ಲಿ ಲ್ಯಾಕ್ಟೋಸ್ ಬಹುತೇಕ ಇರುವುದಿಲ್ಲ. ಮೊದಲ ಸಲ ಕುಡಿಯುವುದು ಓಟವಿಲ್ಲದ ದಿನವಿರಲಿ.

ಓಟ ಮುಗಿಸಿ ಹೋಟೆಲಿನಲ್ಲಿ ತಿನ್ನುವ ಎರಡು ಇಡ್ಲಿ, ಕಾಫಿ ಈ ಹೋಲಿಕೆಗೆ ಬರುವುದಿಲ್ಲ, ಪ್ರೋಟೀನ್ ತೀರಾ ಕಡಿಮೆ. ಮೊಟ್ಟೆ ತಿನ್ನುವವರಿಗೆ ನಾಲ್ಕು ಬೇಯಿಸಿದ ಮೊಟ್ಟೆ ಪ್ರೋಟೀನಿನ ಲೆಕ್ಕ ಮುಟ್ಟಿಸುತ್ತವೆ.

ನೀರು ಬೇರೆಯೇ ಲೆಕ್ಕ. ಓಟಕ್ಕೆ ಮೊದಲು, ಆಮೇಲೆ ತೂಕ ನೋಡಿಕೊಳ್ಳಿ. ಇಳಿದ ಪ್ರತಿ ಕೆಜಿಗೆ ಒಂದೂಕಾಲರಿಂದ ಒಂದೂವರೆ ಲೀಟರ್. ವಯಸ್ಸಾದಂತೆ ಬಾಯಾರಿಕೆ ಮಂದವಾಗುವುದರಿಂದ ದಾಹವನ್ನು ನೆಚ್ಚಬೇಡಿ. ಉಪ್ಪು ಹಾಕಿದ ಮಜ್ಜಿಗೆ ಚೆನ್ನ. ಓಆರ್‌ಎಸ್ ಆದರೆ 20.5 ಗ್ರಾಮಿನ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಅರ್ಧ ಲೀಟರಿನ ಬಾಟಲಿಗಲ್ಲ. ಹೆಚ್ಚಿನ ಪಾಲು ರಾತ್ರಿ ಎಂಟರೊಳಗೆ ಮುಗಿಯಲಿ, ಇಲ್ಲದಿದ್ದರೆ ಮೂತ್ರಕ್ಕೆ ಎದ್ದೆದ್ದು ನಿದ್ದೆ ಕೆಡುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು ಈ ಉಪ್ಪು, ಪ್ರೋಟೀನ್, ಬೆಲ್ಲದ ಅಳತೆಗಳನ್ನು ವೈದ್ಯರಿಗೆ ತೋರಿಸಿಯೇ ಹಿಡಿಯಬೇಕು.

ಮುಂದಿನ ಓಟಕ್ಕೆ ಎರಡು ದಿನ ಇದ್ದರೆ ಇಷ್ಟೆಲ್ಲ ಆತುರ ಬೇಡ. ಹೊತ್ತಿಗೆ ಸರಿಯಾಗಿ ಅನ್ನ, ಬೇಳೆ, ಮೊಸರು ಉಂಡರೆ ಗ್ಲೈಕೊಜೆನ್ ತಾನಾಗಿ ತುಂಬುತ್ತದೆ. ಪ್ರತಿ ಊಟದಲ್ಲೂ ಪ್ರೋಟೀನ್ 24 ಗ್ರಾಮಿನ ಹತ್ತಿರ ಇರುವಂತೆ ನೋಡಿಕೊಂಡರಾಯಿತು.

ಮನೆಯಲ್ಲಿ ಈಗಾಗಲೇ 4:1 ಪುಡಿ ಇದ್ದರೆ ಎಸೆಯಬೇಡಿ. 30 ಗ್ರಾಮಿನಷ್ಟನ್ನು ಅರ್ಧ ಲೀಟರ್ ನೀರಿಗೆ ತೆಳುವಾಗಿ ಕಲಸಿ, ಲಾಂಗ್ ರನ್‌ನ ಎರಡನೇ ಗಂಟೆಯಲ್ಲಿ ಗುಟುಕು ಗುಟುಕಾಗಿ ಕುಡಿಯಲು ಅದು ಚೆನ್ನಾಗಿಯೇ ಇದೆ.