90 ಎಂಎಂ ಲೆನ್ಸೋ, 6 ಇಂಚಿನ ಕನ್ನಡಿಯೋ? ಚಿಕ್ಕಬಳ್ಳಾಪುರದ ತಾರಸಿಯಿಂದ ಒಂದು ವಿಮರ್ಶೆ

ಟೆಲಿಸ್ಕೋಪ್ ವಿಮರ್ಶೆ ಬರೆಯುವವರಲ್ಲಿ ಬಹುಪಾಲು ಜನ 40–50 ಡಿಗ್ರಿ ಅಕ್ಷಾಂಶದಲ್ಲಿ ಕೂತವರು. ಅವರಿಗೆ ಗ್ರಹಗಳು ದಕ್ಷಿಣದ ಕಡೆ, ಕತ್ತು ಸ್ವಲ್ಪ ಎತ್ತಿದರೆ ಕಾಣುವ ಎತ್ತರದಲ್ಲಿ ಹಾದುಹೋಗುತ್ತವೆ. ಚಿಕ್ಕಬಳ್ಳಾಪುರ ಇರುವುದು 13.4 ಡಿಗ್ರಿಯಲ್ಲಿ. 2026ರ ಜನವರಿ 10ರಂದು ಗುರು ಸೂರ್ಯನಿಗೆ ಎದುರಾಗಿ ಮಿಥುನ ಪುಂಜದಲ್ಲಿದ್ದಾಗ ನಡುರಾತ್ರಿಯ ಹೊತ್ತಿಗೆ ಇಲ್ಲಿ ಹೆಚ್ಚುಕಡಿಮೆ 81 ಡಿಗ್ರಿ ಎತ್ತರಕ್ಕೆ ಏರಿತ್ತು. ನೆತ್ತಿಗೆ ಒಂಬತ್ತೇ ಡಿಗ್ರಿ ಬಾಕಿ. ಲೆನ್ಸಾ, ಕನ್ನಡಿಯಾ ಅನ್ನುವ ಪ್ರಶ್ನೆಗೆ ನಮ್ಮ ಕಡೆ ಮೊದಲು ಉತ್ತರ ಹೇಳಬೇಕಾದ್ದು ಕತ್ತು ಮತ್ತು ಸೊಂಟ. ಎರಡನ್ನೂ ಹಲವು ಚಳಿಗಾಲ ಬಳಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಹೋಲಿಸುತ್ತಿರುವುದು 90 ಎಂಎಂ ವ್ಯಾಸ, 900 ಎಂಎಂ ಫೋಕಲ್ ಲೆಂತ್ ಇರುವ ಅಕ್ರೋಮ್ಯಾಟ್ ರಿಫ್ರಾಕ್ಟರ್ (ಎರಡು ಗಾಜು ಜೋಡಿಸಿದ ಲೆನ್ಸಿನ ಟೆಲಿಸ್ಕೋಪ್) ಮತ್ತು 150 ಎಂಎಂ (6 ಇಂಚು) ವ್ಯಾಸ, 1200 ಎಂಎಂ ಫೋಕಲ್ ಲೆಂತ್ ಇರುವ ಡಾಬ್ಸೋನಿಯನ್ ರಿಫ್ಲೆಕ್ಟರ್ (ಕನ್ನಡಿಯ ಟೆಲಿಸ್ಕೋಪ್, ಚಿಕ್ಕದಾಗಿ ಡಾಬ್). ಮೊದಲನೆಯದು ಸಣ್ಣ ಇಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ಟ್ಯೂಬನ್ನು ತಿರುಗಿಸುವ ತಲೆ) ಮತ್ತು ಅಲ್ಯುಮಿನಿಯಂ ಮುಕ್ಕಾಲಿಯ ಜೊತೆ ಬರುತ್ತದೆ. ಎರಡನೆಯದು ನೆಲದ ಮೇಲೆ ಕೂರುವ ಮರದ ಪೆಟ್ಟಿಗೆಯಲ್ಲಿ. ಉಳಿದ ಅಂಕಿಅಂಶ ಎಲ್ಲ ಅಂಗಡಿಯ ಪುಟದಲ್ಲೂ ಇವೆ. ಬೆಳಕು ಹಿಡಿಯುವ ಲೆಕ್ಕದಲ್ಲಿ ಕನ್ನಡಿ 2.8 ಪಟ್ಟು ಮುಂದೆ, ಅಷ್ಟು ನೆನಪಿದ್ದರೆ ಸಾಕು.

ರಿಫ್ರಾಕ್ಟರ್ ಮೇಲೆ ನನ್ನ ದೂರು ಗಾಜಿನದ್ದಲ್ಲ, ಅದರ ಕಾಲಿನದು. ಟ್ಯೂಬ್ ನೆತ್ತಿಗೆ ತಿರುಗಿದರೆ ಐಪೀಸು (ಕಣ್ಣಿಟ್ಟು ನೋಡುವ ಮಸೂರ) ಮೌಂಟಿಗಿಂತ 50–55 ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ. ಮುಕ್ಕಾಲಿಯನ್ನು ಅರ್ಧ ಎತ್ತರದಲ್ಲಿ ಇಟ್ಟಿದ್ದರೆ ಐಪೀಸು ನೆಲದಿಂದ ಎರಡಡಿ ಮೇಲೆ. ಮಣೆ ಹಾಕಿಕೊಂಡು ಕೂತು, ಬೆನ್ನು ಬಗ್ಗಿಸಿ, ಮುಖವನ್ನು ಡಯಾಗನಲ್ಲಿಗೆ (ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಐಪೀಸಿಗೆ ಕೊಡುವ ಬಾಗಿದ ತುಂಡು) ತೂರಿಸಬೇಕು. ಕಾಲುಗಳನ್ನು ಪೂರ್ತಿ ಎಳೆದು ಎತ್ತರಿಸಿದರೆ ನಡುಕ ಶುರು. 90 ಪಟ್ಟು ಹಿಗ್ಗಿಸಿ ನೋಡುವಾಗ ಫೋಕಸ್ ಗುಂಡಿ ಮುಟ್ಟಿದರೆ ಗುರು ಮೂರ್ನಾಲ್ಕು ಸೆಕೆಂಡು ಕುಣಿಯುತ್ತದೆ. ಕುಣಿತ ನಿಲ್ಲುವ ಹೊತ್ತಿಗೆ ಫೋಕಸ್ ಸರಿಯಾಯಿತೋ ಇಲ್ಲವೋ ಮರೆತೇ ಹೋಗಿರುತ್ತದೆ. ಇದರ ಮೇಲೆ ಟ್ಯೂಬಿನ ಹಿಂಬದಿ ಮುಕ್ಕಾಲಿಯ ಕಾಲಿಗೆ ತಗುಲುವುದು ಬೇರೆ.

ಇಕ್ವಟೋರಿಯಲ್ ಮೌಂಟಿನ ಕಥೆ ಇನ್ನೂ ಕಷ್ಟ. ಅದರ ಧ್ರುವ ಅಕ್ಷವನ್ನು ನಮ್ಮ ಅಕ್ಷಾಂಶಕ್ಕೆ, ಅಂದರೆ 13 ಡಿಗ್ರಿಗೆ ಇಳಿಸಬೇಕು. ಆಗ ಅಕ್ಷ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಭಾರದ ಗುಂಡು ಸಿಕ್ಕಿಸಿದ ಸರಳು ನೇರ ಕೆಳಗೆ ಜೋತು, ತಿರುಗುವಾಗ ಉತ್ತರದ ಕಾಲಿಗೆ ಟಕ್ಕೆಂದು ಬಡಿಯುತ್ತದೆ. ಪುಸ್ತಿಕೆಯಲ್ಲಿ ಒಂದು ಕಾಲನ್ನು ಉತ್ತರಕ್ಕೆ ಇಡಿ ಎಂದಿರುತ್ತದೆ. ಇಲ್ಲಿ ಹಾಗೆ ಮಾಡಬೇಡಿ. ಮುಕ್ಕಾಲಿಯನ್ನು ತಿರುಗಿಸಿ ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ಇಟ್ಟರೆ ಗುಂಡು ಆ ಸಂದಿನಲ್ಲಿ ಓಡಾಡುತ್ತದೆ. ಆದರೆ ಭಾರವೆಲ್ಲ ಉತ್ತರಕ್ಕೆ ವಾಲುವುದರಿಂದ ಕಾಲುಗಳನ್ನು ಪೂರ್ತಿ ಅಗಲಿಸಿ, ನಡುವೆ ಐದು ಲೀಟರ್ ನೀರಿನ ಕ್ಯಾನ್ ತೂಗುಹಾಕಿ. ಇಷ್ಟೆಲ್ಲ ಮಾಡಿ ಧ್ರುವ ನಕ್ಷತ್ರಕ್ಕೆ ಗುರಿ ಹಿಡಿಯೋಣ ಅಂದರೆ ಅದು ಇರುವುದೂ 13 ಡಿಗ್ರಿ ಎತ್ತರದಲ್ಲೇ, ಧೂಳು ಮಂಜಿನ ಪದರದಲ್ಲಿ. ಉತ್ತರಕ್ಕೆ ಗುಡ್ಡವೋ ಮೂರಂತಸ್ತಿನ ಮನೆಯೋ ಇದ್ದವರಿಗೆ ಅದೂ ಇಲ್ಲ. ಫೋಟೋ ತೆಗೆಯದೆ ಐಪೀಸಿನಲ್ಲಿ ನೋಡುವುದಷ್ಟೇ ಸಾಕೆನ್ನುವವರಿಗೆ ಈ ಮೌಂಟ್ ದಂಡ.

ಡಾಬ್ಸೋನಿಯನ್ನಿನ ಸುಖ ಇದಕ್ಕೆ ತದ್ವಿರುದ್ಧ. ಕನ್ನಡಿ ಕೆಳಗೆ, ಐಪೀಸು ಟ್ಯೂಬಿನ ಮೇಲ್ತುದಿಯ ಪಕ್ಕದಲ್ಲಿ. ಟ್ಯೂಬ್ ನೆಟ್ಟಗೆ ನಿಂತಾಗ ಐಪೀಸು ನೆಲದಿಂದ 115–120 ಸೆಂಟಿಮೀಟರ್ ಮೇಲೆ ಬರುತ್ತದೆ. ಮಾಮೂಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತವರ ಕಣ್ಣು ಇರುವುದು ಸರಿಯಾಗಿ ಅಲ್ಲೇ. ಬೇರೆ ದೇಶದವರು ಎತ್ತರ ಬದಲಿಸುವ ಕುರ್ಚಿಗೆ ದುಡ್ಡು ಸುರಿಯುತ್ತಾರೆ, ನಮಗೆ ಶಾಮಿಯಾನದವರ ಕುರ್ಚಿ ಸಾಕು. 10 ಎಂಎಂ ಐಪೀಸಿನಲ್ಲಿ 120 ಪಟ್ಟು. ಗುರು ಒಂದಂಚಿನಿಂದ ಇನ್ನೊಂದಂಚಿಗೆ ಜಾರಲು ಒಂದೂಮುಕ್ಕಾಲು ನಿಮಿಷ ಹಿಡಿಯುತ್ತದೆ. ಪೂರ್ವದ ಅಂಚಿನಲ್ಲಿ ಬಿಟ್ಟು, ಕೈ ತೆಗೆದು, ಜಾರುವವರೆಗೂ ಸುಮ್ಮನೆ ನೋಡಿ ಮತ್ತೆ ಮೆಲ್ಲಗೆ ತಳ್ಳುವುದು. ಮೋಟಾರು ಬೇಕು ಅಂತ ಅನಿಸುವುದೇ ಇಲ್ಲ.

ಹಾಗಂತ ಡಾಬ್‌ಗೆ ನೆತ್ತಿಯ ಕಾಟ ಇಲ್ಲವೆಂದಲ್ಲ. ಟ್ಯೂಬ್ 80 ಡಿಗ್ರಿ ದಾಟಿದರೆ ಪಕ್ಕಕ್ಕೆ ತಳ್ಳಲು ಹಿಡಿತ ಸಿಗುವುದಿಲ್ಲ, ಗುರಿ ಎಗರಿಬಿಡುತ್ತದೆ. ಮದ್ದು ಸುಲಭ: ಗುರು ನಡುನೆತ್ತಿಗೆ ಬರುವ ಒಂದೂವರೆ ಗಂಟೆ ಮೊದಲೇ ನೋಡಿ. ಆಗ ಅದು 67 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಗಾಳಿಯ ಪದರವೂ ತೆಳುವೇ. ಜೊತೆಗೆ ಬರುವ ಕೆಂಪು ಚುಕ್ಕೆ ಫೈಂಡರನ್ನು (ಗುರಿ ಹಿಡಿಯುವ ಸಾಧನ) ನೆತ್ತಿಗೆ ಹಿಡಿದಾಗ ಕೆನ್ನೆಯನ್ನು ಟ್ಯೂಬಿಗೆ ಒತ್ತಿ ಮೇಲೆ ನೋಡಬೇಕು. ದುಡ್ಡಿದ್ದರೆ ಮೊದಲು ಕೊಳ್ಳಬೇಕಾದ್ದು 90 ಡಿಗ್ರಿ ಬಾಗಿದ ಫೈಂಡರ್, ಹೊಸ ಐಪೀಸಲ್ಲ. ಅದನ್ನು ಹಾಕಿದ ಮೇಲೆ ಟ್ಯೂಬಿನ ಮೂತಿ ಭಾರವಾಗಿ ಕುಸಿಯತೊಡಗಿದರೆ ಕೆಳತುದಿಗೆ ಒಂದೆರಡು ಅಯಸ್ಕಾಂತ ಅಂಟಿಸಿ, ಟ್ಯೂಬ್ ಉಕ್ಕಿನದೇ.

ಕಾಲಿಮೇಶನ್ (ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು) ಬಗ್ಗೆ ಜನ ಹೆದರಿಸುವಷ್ಟು ಏನೂ ಇಲ್ಲ. ಸಂಜೆ ಬೆಳಕಿರುವಾಗಲೇ ಟ್ಯೂಬನ್ನು ಅಡ್ಡ ಮಲಗಿಸಿ, ಅಲೆನ್ ಕೀ ಕೈತಪ್ಪಿದರೂ ಕನ್ನಡಿಯ ಮೇಲೆ ಬೀಳದಂತೆ. ಐಪೀಸು ಕೂರುವ ಫೋಕಸರಿಗೆ ಚೆಶೈರ್ ಕೊಳವೆ (ಕನ್ನಡಿಗಳ ನೇರ ನೋಡಲು ಸಣ್ಣ ತೂತಿರುವ ಕೊಳವೆ) ಸಿಕ್ಕಿಸಿ ನೋಡಿ. ಮೊದಲು ಟ್ಯೂಬಿನ ಮೇಲ್ತುದಿಯ ಚಿಕ್ಕ ಕನ್ನಡಿ ದುಂಡಗೆ, ನಡುವಿನಲ್ಲಿ ಕಾಣಬೇಕು. ಅದರ ಮೂರು ಅಲೆನ್ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ದೊಡ್ಡ ಕನ್ನಡಿ ಹಿಡಿದಿರುವ ಮೂರೂ ಕ್ಲಿಪ್ಪುಗಳು ಒಟ್ಟಿಗೆ ಕಾಣುವವರೆಗೆ ಹೊಂದಿಸಿ. ಆಮೇಲೆ ಕೆಳಗಿನ ಲಾಕ್ ಸ್ಕ್ರೂ ಸಡಿಲಿಸಿ, ಮೂರು ಗುಬುಟುಗಳನ್ನು ತಿರುಗಿಸುತ್ತ, ಕಪ್ಪು ಚುಕ್ಕೆ ಕನ್ನಡಿಯ ನಡುವೆ ಅಂಟಿಸಿರುವ ಉಂಗುರದೊಳಗೆ ಬಂದು ಕೂರುವಂತೆ ಮಾಡಿ. ಲಾಕ್ ಬಿಗಿಮಾಡುವಾಗ ಚುಕ್ಕೆ ಮತ್ತೆ ಸರಿಯುತ್ತದೆ, ಅದಕ್ಕೇ ಮೂರನ್ನೂ ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಕಾಫಿ ಕುದಿಯುವಷ್ಟರಲ್ಲಿ ಮುಗಿಯುವ ಕೆಲಸ. ಅಗ್ಗದ ಲೇಸರ್ ಕೊಂಡಿದ್ದರೆ ಅದನ್ನು ಫೋಕಸರಿನಲ್ಲೇ ಒಂದು ಸುತ್ತು ತಿರುಗಿಸಿ ನೋಡಿ. ಚುಕ್ಕೆ ಕನ್ನಡಿಯ ಮೇಲೆ ವೃತ್ತ ಬರೆದರೆ ಸೊಟ್ಟಗಿರುವುದು ಲೇಸರೇ.

ಕನ್ನಡಿಯ ನಿಜವಾದ ಶತ್ರು ಕಾಂಕ್ರೀಟ್ ತಾರಸಿ. ಏಪ್ರಿಲ್‌ನಲ್ಲಿ ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಹತ್ತು ಗಂಟೆ ದಾಟಿದರೂ ಕಕ್ಕುತ್ತಲೇ ಇರುತ್ತದೆ. ಬಿಸಿಗಾಳಿ ತೆರೆದ ಟ್ಯೂಬಿನೊಳಗೆ ಏರಿ ಗುರುವಿನ ಪಟ್ಟೆಗಳನ್ನು ಕಲಸಿಹಾಕುತ್ತದೆ. ಕನ್ನಡಿಯೇ ಕೆಟ್ಟದ್ದೆಂದು ಬೈದು ಮಾರುವವರಿದ್ದಾರೆ. ಟ್ಯೂಬನ್ನು ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ, ಕಂಪ್ಯೂಟರ್ ಕ್ಯಾಬಿನೆಟ್ಟಿನ 80 ಎಂಎಂ, 12 ವೋಲ್ಟ್ ಫ್ಯಾನನ್ನು ಕನ್ನಡಿಯ ಹಿಂದೆ ರಬ್ಬರ್ ಬ್ಯಾಂಡಿನಲ್ಲಿ ತೂಗುಹಾಕಿ 9 ವೋಲ್ಟ್ ಬ್ಯಾಟರಿಯಲ್ಲಿ ನಿಧಾನಕ್ಕೆ ಓಡಿಸಿ. ಸ್ಕ್ರೂ ಹಾಕಿ ಬಿಗಿದರೆ ಅದರ ಕಂಪನ ಚಿತ್ರಕ್ಕೆ ಬರುತ್ತದೆ. ಅಂಗಳದಲ್ಲಿ ಮಣ್ಣು ನೆಲ ಇದ್ದವರು ತಾರಸಿಯನ್ನು ಮರೆತುಬಿಡಿ.

ಇಲ್ಲಿಗೆ ಬಂದಾಗ ಬೈದ ರಿಫ್ರಾಕ್ಟರ್ ಮೇಲೆಯೇ ಪ್ರೀತಿ ಹುಟ್ಟುತ್ತದೆ. ಮುಚ್ಚಿದ ಟ್ಯೂಬು, ಸಣ್ಣ ಗಾಜು, ಹೊರಗಿಟ್ಟ ಕಾಲು ಗಂಟೆಯಲ್ಲಿ ಸಿದ್ಧ. ಬೇಸಿಗೆಯ ತಾರಸಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂಬತ್ತು ಗಂಟೆಗೆ ಚಂದ್ರನ ಗುಂಡಿಗಳ ಅಂಚು ಚೂಪಾಗಿ ಕಾಣುವುದು 90 ಎಂಎಂನಲ್ಲೇ. ಜುಲೈ, ಆಗಸ್ಟ್‌ನಲ್ಲಿ ನಂದಿಬೆಟ್ಟದ ಕಡೆಯಿಂದ ಮೋಡ ಸರಿದು ಇಪ್ಪತ್ತು ನಿಮಿಷ ಬಯಲಾದರೆ ಒಂದೇ ಕೈಯಲ್ಲಿ ಮೆಟ್ಟಿಲು ಹತ್ತಿಸಬಹುದಾದ್ದು ಇದೊಂದೇ. (ಇದೇ ಜಿಲ್ಲೆಯ ಗೌರಿಬಿದನೂರಿನ ರೇಡಿಯೋ ದೂರದರ್ಶಕಕ್ಕೆ ಮೋಡದ ಚಿಂತೆಯೇ ಇಲ್ಲ, ಪುಣ್ಯವಂತರು.) ಗುರು, ಶುಕ್ರರ ಸುತ್ತ ತೆಳು ನೇರಳೆ ಅಂಚು ಕಾಣುವುದು ನಿಜ. ಮಸುಕು ಹಳದಿ ಫಿಲ್ಟರ್ ಹಾಕಿದರೆ ತಗ್ಗುತ್ತದೆ, ಹಾಕದಿದ್ದರೂ ನಾಲ್ಕು ದಿನದಲ್ಲಿ ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ.

ತಮಿಳುನಾಡಿನ ಕಾವಲೂರಿನ 2.34 ಮೀಟರಿನ ವೇಣು ಬಾಪು ದೂರದರ್ಶಕದಲ್ಲಿರುವುದು ಕನ್ನಡಿ, ಆದ್ದರಿಂದ ಕನ್ನಡಿಯೇ ಮೇಲು ಎಂಬ ವಾದ ಆಗಾಗ ಕೇಳಿಬರುತ್ತದೆ. ಲೆನ್ಸನ್ನು ಅಂಚಿನಲ್ಲಿ ಮಾತ್ರ ಹಿಡಿಯಲು ಸಾಧ್ಯ, ದೊಡ್ಡದಾದಷ್ಟೂ ತನ್ನ ಭಾರಕ್ಕೇ ಬಾಗುತ್ತದೆ. ಅಮೆರಿಕದ ಯರ್ಕ್ಸ್ ವೀಕ್ಷಣಾಲಯದ 1897ರ 40 ಇಂಚಿನ ಲೆನ್ಸ್ ದೂರದರ್ಶಕವನ್ನು ಮೀರಿಸುವ ಇನ್ನೊಂದು ಲೆನ್ಸ್ ದೂರದರ್ಶಕ ಆಮೇಲೆ ರಾತ್ರಿಯ ಆಕಾಶದ ಕೆಲಸಕ್ಕೆ ಬರಲೇ ಇಲ್ಲ. ತಾರಸಿಯ ಮೇಲಿನ ಮೂರೂವರೆ ಇಂಚಿಗೂ ಆ ವಾದಕ್ಕೂ ಸಂಬಂಧವಿಲ್ಲ.

ಕನ್ನಡಿ ತನ್ನ 2.8 ಪಟ್ಟನ್ನು ತೋರಿಸುವುದು ಮಸುಕು ವಸ್ತುಗಳಲ್ಲಿ. ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಏಪ್ರಿಲ್, ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ 29 ಡಿಗ್ರಿ ಏರುತ್ತದೆ. ಯುರೋಪಿನ ಬಹುಪಾಲು ಕಡೆ ಇದು ದಿಗಂತದ ಮೇಲೇ ಬರುವುದಿಲ್ಲ. 90 ಎಂಎಂನಲ್ಲಿ ಮಂಜಿನ ಉಂಡೆ. 150 ಎಂಎಂನಲ್ಲಿ 120 ಪಟ್ಟಿಗೆ ಹೋದರೆ ಅಂಚಿನಿಂದ ಒಳಕ್ಕೆ ಒಂದೊಂದೇ ಚುಕ್ಕಿ ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ತೊಂದರೆಯೆಂದರೆ ಚಿಕ್ಕಬಳ್ಳಾಪುರಕ್ಕೆ ದಕ್ಷಿಣವೆಂದರೆ ಬೆಂಗಳೂರಿನ ಬೆಳಕು. ಕೋಲಾರದವರಿಗೆ ಆ ಬೆಳಕು ಪಶ್ಚಿಮಕ್ಕೆ, ತುಮಕೂರಿನವರಿಗೆ ಆಗ್ನೇಯಕ್ಕೆ ಬೀಳುವುದರಿಂದ ಅವರಿಗೆ ಇದು ವಾಸಿ. ನಮ್ಮವರು ಪೇರೇಸಂದ್ರ ದಾಟಿ ಗುಡಿಬಂಡೆಯ ಕಡೆ ಹೋಗಬೇಕು. ಹೋಗುವ ಮುನ್ನ ಸುತ್ತ ಸೇವಂತಿಗೆ ತೋಟ ಇದೆಯೇ ಕೇಳಿಕೊಳ್ಳಿ. ಗಿಡ ಬೇಗ ಮೊಗ್ಗು ಬಿಡದೆ ಬೆಳೆಯಲಿ ಎಂದು ರಾತ್ರಿ ಸಾಲುಸಾಲು ಎಲ್‌ಇಡಿ ಬಲ್ಬು ಉರಿಸುತ್ತಾರೆ. ರೈತರ ಹೊಟ್ಟೆಪಾಡು, ದೂರುವಂತಿಲ್ಲ. ಟೆಲಿಸ್ಕೋಪನ್ನೇ ಬೇರೆ ಹೊಲದ ಬದಿಗೆ ಒಯ್ಯಬೇಕು.

ನಿರ್ವಹಣೆಯಲ್ಲಿ ಎರಡಕ್ಕೂ ಬೇರೆ ಬೇರೆ ರೋಗ. ಕನ್ನಡಿಯ ಮೇಲೆ ಕೂರುವ ಕಲ್ಲು ಕ್ರಷರ್‌ನ ಧೂಳೆಂದರೆ ಕಲ್ಲಿನ ಪುಡಿ, ಅದರಲ್ಲಿರುವ ಸ್ಫಟಿಕದ ಚೂರು ಕನ್ನಡಿಯ ಅಲ್ಯುಮಿನಿಯಂ ಲೇಪಕ್ಕಿಂತ ಗಟ್ಟಿ. ಬಟ್ಟೆಯಲ್ಲಿ ಒರೆಸಿದರೆ ಗೀರು ಖಾತ್ರಿ. ಸ್ವಲ್ಪ ಧೂಳು ಕೂತರೆ ಚಿತ್ರಕ್ಕೆ ಏನೂ ಆಗುವುದಿಲ್ಲ, ಬಿಟ್ಟುಬಿಡಿ. ತೀರಾ ಮಾಸಿದಾಗ ಕನ್ನಡಿಯನ್ನು ಬಿಚ್ಚಿ, ಬ್ಲೋಯರ್‌ನಲ್ಲಿ ಊದಿ, ಡಿಸ್ಟಿಲ್ಡ್ ವಾಟರ್ ಹೊಯ್ದು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ. ಒದ್ದೆ ಹತ್ತಿಯ ಉಂಡೆಯನ್ನು ಒತ್ತದೆ, ಅದರ ಭಾರದಲ್ಲೇ ಒಂದು ಸಲ ಎಳೆದು ಬಿಸಾಡಿ. ಮತ್ತೆ ಡಿಸ್ಟಿಲ್ಡ್ ನೀರು ಹೊಯ್ದು ಓರೆಯಾಗಿ ನಿಲ್ಲಿಸಿ ಒಣಗಿಸಿ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ಸಿಗುತ್ತದೆ. ಡಾಬ್‌ನ ಪೆಟ್ಟಿಗೆ ಪಾರ್ಟಿಕಲ್ ಬೋರ್ಡಿನದು. ಇಬ್ಬನಿ ಕುಡಿದು ಅಂಚು ಉಬ್ಬುವ ಮೊದಲೇ ಅಂಚಿಗೆಲ್ಲ ಎರಡು ಕೋಟ್ ವಾರ್ನಿಶ್ ಬಳಿಯಿರಿ.

ಲೆನ್ಸಿಗೆ ಬರುವುದು ಬೂಷ್ಟು. ನವೆಂಬರ್‌ನಿಂದ ಜನವರಿವರೆಗೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಹಳೆಯ ಯೋಗ ಮ್ಯಾಟನ್ನು 15 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಮೂತಿಗೆ ಸುತ್ತಿದರೆ ಬಹಳ ಹೊತ್ತು ತಡೆಯುತ್ತದೆ. ಒದ್ದೆ ಇರುವಾಗಲೇ ಮುಚ್ಚಳ ಹಾಕಿ ಪೆಟ್ಟಿಗೆಗೆ ತುಂಬಬೇಡಿ. ಕೋಣೆಯಲ್ಲಿ ತೆರೆದಿಟ್ಟು ಒಣಗಿಸಿ, ಆಮೇಲೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ. ಜೋಡಿ ಗಾಜುಗಳ ನಡುವೆ ಬೂಷ್ಟು ಹಬ್ಬಿದರೆ ಮನೆಯಲ್ಲಿ ಬಿಚ್ಚುವ ಕೆಲಸವಲ್ಲ.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಕೆಲವು ಕಿಟ್‌ಗಳಲ್ಲಿ ಐಪೀಸಿಗೆ ತಿರುಚಿ ಹಾಕುವ ಸಣ್ಣ ಸೋಲಾರ್ ಫಿಲ್ಟರ್ ಇರುತ್ತದೆ. ಅದನ್ನು ಸುತ್ತಿಗೆಯಲ್ಲಿ ಒಡೆದು ಎಸೆಯಿರಿ. ಬಿಸಿಗೆ ಅದು ಬಿರಿದರೆ ಕಣ್ಣೇ ಹೋಗುತ್ತದೆ. ಸೂರ್ಯನ ಕಲೆ ನೋಡಬೇಕಿದ್ದರೆ ಟ್ಯೂಬಿನ ಮೂತಿಯನ್ನೇ ಪೂರ್ತಿ ಮುಚ್ಚುವ ಫಿಲ್ಟರ್ ಬೇಕು, ಗಾಳಿಗೆ ಹಾರದಂತೆ ಟೇಪಿನಲ್ಲಿ ಬಿಗಿದಿರಬೇಕು. ಫೈಂಡರನ್ನು ಕಳಚಿಡಬೇಕು.

ಒಂದಕ್ಕೇ ದುಡ್ಡಿದ್ದು, ಮೆಟ್ಟಿಲು ಹತ್ತಿಸುವ ಗೋಜಿಲ್ಲದಿದ್ದರೆ ಡಾಬ್ ಕೊಳ್ಳಿ. ಮೂರನೇ ಮಹಡಿಯ ಬಾಡಿಗೆ ಮನೆಯಾದರೆ, ಚಂದ್ರ ಮತ್ತು ಗ್ರಹಗಳೇ ಸಾಕಾದರೆ ರಿಫ್ರಾಕ್ಟರ್ ಟ್ಯೂಬ್ ಮಾತ್ರ ಕೊಳ್ಳಿ, ಮೌಂಟ್ ಬೇಡ. ಸಾದಾ ಆಲ್ಟ್-ಅಝಿಮತ್ ಹೆಡ್ (ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ತಲೆ) ಒಂದನ್ನು ತಂದು ವೆಲ್ಡಿಂಗ್ ಅಂಗಡಿಯಲ್ಲಿ ಕಂಬ ಮಾಡಿಸಿ: 4 ಇಂಚಿನ ಕಬ್ಬಿಣದ ಪೈಪು 130 ಸೆಂಟಿಮೀಟರ್, ಕೆಳಗೆ 40 ಸೆಂಟಿಮೀಟರಿನ ಮೂರು ಪಟ್ಟಿ ಕಾಲು, ತುದಿಯಲ್ಲಿ ಮಟ್ಟ ಹೊಂದಿಸುವ ಬೋಲ್ಟು. ತಗುಲುವ ಕಾಲೇ ಇಲ್ಲದ್ದರಿಂದ ಟ್ಯೂಬ್ ನೆತ್ತಿಯವರೆಗೂ ತಿರುಗುತ್ತದೆ, ಐಪೀಸು ಸ್ಟೂಲ್ ಮೇಲೆ ಕೂತವರ ಕಣ್ಣಿಗೆ ಬರುತ್ತದೆ. ಪೈಪಿನೊಳಗೆ ಒಣಗಿದ ಎಂ-ಸ್ಯಾಂಡ್ ತುಂಬಿಸಿ, ನಡುಕವನ್ನು ಅದು ನುಂಗುತ್ತದೆ. ತುಂಬಿದ ಮೇಲೆ ಕಂಬ 30 ಕಿಲೋ ದಾಟುವುದರಿಂದ ಖಾಲಿ ಪೈಪನ್ನು ಮೇಲಕ್ಕೆ ಒಯ್ದು ಅಲ್ಲೇ ಮರಳು ಹಾಕಿ. ತಾರಸಿಗೆ ಡ್ರಿಲ್ ಹೊಡೆದು ಬೋಲ್ಟ್ ಮಾಡಲು ಮಾತ್ರ ಹೋಗಬೇಡಿ, ಮೊದಲ ಮಳೆಗೇ ಕೆಳಗಿನ ಮನೆಯವರ ಸೂರು ಸೋರುತ್ತದೆ.