ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5: ಬಾನೆಟ್ ಎತ್ತುವ ಮುಂಚೆ ಸಿಲ್ ನೋಡಿ

ಮೇಲೇಳುವ ಹೆಡ್‌ಲೈಟಿಗೆ ಮರುಳಾಗಿ ಈ ಎರಡು ಸೀಟಿನ, ಟಾಪ್ ಮಡಿಸುವ ಸ್ಪೋರ್ಟ್ಸ್ ಕಾರು ಕೊಳ್ಳುವವರೇ ಹೆಚ್ಚು. ವರ್ಷಗಟ್ಟಲೆ ಇಟ್ಟುಕೊಳ್ಳುವ ಆಸೆಯಿದ್ದರೆ ಮೊದಲು ಬಗ್ಗಿ ನೋಡಬೇಕಾದದ್ದು ಬಾಗಿಲಿನ ಕೆಳಗಿನ ಸಿಲ್, ಅದರಲ್ಲೂ ಹಿಂಚಕ್ರದ ಹತ್ತಿರದ ತುದಿ. 1989ರಿಂದ 1997ರವರೆಗೆ ತಯಾರಾದ ಈ ಕಾರು (ಅಮೆರಿಕದಲ್ಲಿ ಇದರ ಹೆಸರು ಮಿಯಾಟಾ) ಎಂಜಿನ್ ಕೆಟ್ಟು ಮೂಲೆ ಸೇರುವುದು ಕಡಿಮೆ, ತುಕ್ಕು ಹಿಡಿದು ಸೇರುವುದೇ ಜಾಸ್ತಿ.

ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಇಳಿದು, ಎಡಬಲದ ಎರಡು ಕೊಳವೆಗಳಲ್ಲಿ ಹಾದು, ಹಿಂಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಧೂಳು ಕಟ್ಟಿಕೊಂಡರೆ ಅದೇ ನೀರು ಉಕ್ಕಿ ಕಾರ್ಪೆಟ್ ನೆನೆಸುತ್ತದೆ, ಸಿಲ್ ಒಳಗೂ ಸೇರುತ್ತದೆ. ಹೊರಗೆ ಪೇಂಟ್ ಗುಳ್ಳೆ ಏಳುವಷ್ಟರಲ್ಲಿ ಒಳಗಿನ ತಗಡು ಹೋಗಿರುತ್ತದೆ. ಆಮೇಲೆ ಕತ್ತರಿಸಿ ವೆಲ್ಡ್ ಮಾಡುವುದೊಂದೇ ದಾರಿ. ಎರಡು ಮೂರು ತಿಂಗಳಿಗೊಮ್ಮೆ ಕೊಳವೆಗೆ ಒಂದು ಲೋಟ ನೀರು ಹುಯ್ದು ನೋಡಿ, ತಕ್ಷಣ ಕೆಳಗೆ ಸುರಿಯಬೇಕು. ಸುರಿಯದಿದ್ದರೆ ಬಾಗುವ ನೈಲಾನ್ ತಂತಿ ತೂರಿಸಿ. ಕಬ್ಬಿಣದ ಕಡ್ಡಿ ಹಾಕಿದರೆ ಕೊಳವೆಯೇ ತೂತಾಗುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚದೆ ಟಾಪ್ ಮಡಿಸಬೇಡಿ, ಚಳಿಯಲ್ಲಂತೂ ಅದು ಸೀಳಿಬಿಡುತ್ತದೆ.

ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಗ್ಯಾಸ್ ಹೊರಹೋಗುವ ಟ್ಯೂಬ್ ಜೋಡಿಸಲು ಬರುವ ಸೀಲ್ಡ್ ಬ್ಯಾಟರಿಯನ್ನೇ ಹಾಕಬೇಕು. ಅಗ್ಗಕ್ಕೆ ಸಿಕ್ಕಿತೆಂದು ಸಾಮಾನ್ಯ ಬ್ಯಾಟರಿ ಕೂರಿಸಿದ ಕಾರುಗಳಲ್ಲಿ ಆಸಿಡ್ ಆವಿ ಡಿಕ್ಕಿಯ ತಳವನ್ನೇ ತಿಂದಿರುತ್ತದೆ.

ಎಂಜಿನ್ ವಿಷಯಕ್ಕೆ ಬಂದರೆ ಮೊದಲು 1.6 ಲೀಟರ್, 1994ರ ಮಾಡೆಲ್‌ನಿಂದ 1.8. ತಿರುವು ರಸ್ತೆಯ ಖುಷಿಗೆ 1.6 ಸಾಲದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ತೀರಾ ಮೊದಲ 1.6ಗಳಲ್ಲಿ ಕ್ರ್ಯಾಂಕ್‌ನ ಮೂತಿ, ಅಂದರೆ ಬೆಲ್ಟ್ ಪುಲ್ಲಿ ಕೂರುವ ಮುಂದಿನ ತುದಿ, ಗಿಡ್ಡ. ಪುಲ್ಲಿ ಬೋಲ್ಟ್ ಸರಿಯಾಗಿ ಬಿಗಿಯಾಗಿಲ್ಲದಿದ್ದರೆ ಪುಲ್ಲಿ ಜಾರದಂತೆ ಹಿಡಿಯುವ ಕೀ ಎಂಬ ಲೋಹದ ತುಂಡು ಕೂರುವ ತೋಡು ಸವೆದು ಟೈಮಿಂಗ್ ಜಾರುತ್ತದೆ, ಎಳೆತ ಸಾಯುತ್ತದೆ. ಪುಲ್ಲಿಯಲ್ಲಿ ನಾಲ್ಕು ಸೀಳು ಕಂಡರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದದ್ದು. ನಾಲ್ಕಿದ್ದರೆ ಐಡ್ಲಿಂಗ್‌ನಲ್ಲಿ ಪುಲ್ಲಿ ಅಲ್ಲಾಡುತ್ತದೆಯೇ ನೋಡಿ. ಅಲ್ಲಾಡಿದರೆ ಆ ಕಾರು ಬಿಟ್ಟು ಮುಂದಕ್ಕೆ ಹೋಗಿ.

ಕ್ರ್ಯಾಂಕ್ ಮತ್ತು ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ಜೊತೆಯಾಗಿ ತಿರುಗಿಸುವ ಟೈಮಿಂಗ್ ಬೆಲ್ಟ್ 1,00,000 ಕಿ.ಮೀ.ಗೆ ಬದಲಿಸಬೇಕು. ತುಂಡಾದರೂ ವಾಲ್ವ್‌ಗೆ ಪಿಸ್ಟನ್ ಬಡಿಯದ ವಿನ್ಯಾಸವಾದ್ದರಿಂದ ಕಾರು ದಾರಿಯಲ್ಲಿ ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ವಾಟರ್ ಪಂಪ್ ಓಡುವುದು ಹೊರಗಿನ ಆಲ್ಟರ್ನೇಟರ್ ಬೆಲ್ಟ್‌ನಿಂದ, ಆದರೆ ಪಂಪ್ ಬದಲಿಸಲು ಈ ಬೆಲ್ಟನ್ನೂ ಬಿಚ್ಚಬೇಕು. ಬಿಚ್ಚಿದಾಗಲೇ ಪಂಪ್, ಟೆನ್ಷನರ್, ಐಡ್ಲರ್, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್ ಹಾಕಿಬಿಡಿ, ಮತ್ತೊಮ್ಮೆ ಅದೇ ಲೇಬರ್ ಕೊಡುವುದು ಯಾಕೆ? ರೇಡಿಯೇಟರ್‌ನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಕಂದುಬಣ್ಣಕ್ಕೆ ತಿರುಗಿದ್ದರೆ ಒಡೆಯುವ ತನಕ ಕಾಯಬೇಡಿ.

ಗೇರ್‌ಬಾಕ್ಸ್ ಮೇಲೆ ಆಯಿಲ್ ಇಳಿದಿದ್ದರೆ ಹಿಂದಿನ ಕ್ರ್ಯಾಂಕ್ ಸೀಲ್ ಹೋಯಿತೆಂದು ಗೇರ್‌ಬಾಕ್ಸ್ ಇಳಿಸುವ ಮೆಕ್ಯಾನಿಕ್‌ಗಳಿದ್ದಾರೆ. ಆದರೆ ಎಂಜಿನ್ ಹೆಡ್‌ನ ಹಿಂಬದಿಯಲ್ಲಿ ಕ್ಯಾಮ್ ತಿರುಗುವುದನ್ನು ಅಳೆಯುವ ಕ್ಯಾಮ್ ಆ್ಯಂಗಲ್ ಸೆನ್ಸರ್‌ನ ಓ-ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿ ಸೋರುವುದೇ ಹೆಚ್ಚು. ಸೆನ್ಸರ್ ತೆಗೆಯುವ ಮುಂಚೆ ಅದು ಕೂತ ಜಾಗಕ್ಕೆ ಗೀರು ಹಾಕಿಕೊಳ್ಳಿ, ಇಗ್ನಿಷನ್ ಟೈಮಿಂಗ್ ಸೆಟ್ ಆಗುವುದು ಅದನ್ನು ತಿರುಗಿಸಿಯೇ. ಕೂರಿಸಿದ ಮೇಲೆ ಟೈಮಿಂಗ್ ಲೈಟ್ ಹಿಡಿದು, ಪಿಸ್ಟನ್ ಮೇಲ್ತುದಿ ತಲುಪುವ 10 ಡಿಗ್ರಿ ಮುಂಚೆ ಕಿಡಿ ಹಾರುವಂತೆ ಹೊಂದಿಸಿ.

ಐದು ಸ್ಪೀಡ್ ಗೇರ್‌ಬಾಕ್ಸ್‌ನ ಲಿವರ್ ಬಿಗಿಯಾದರೆ ಸುಲಭದ ಮದ್ದಿದೆ. ಲಿವರ್ ಬುಡದ ಗೂಡಿನಲ್ಲಿ ಪ್ರತ್ಯೇಕವಾಗಿ 80-90 ಮಿ.ಲೀ. ಆಯಿಲ್ ಇರುತ್ತದೆ, ಹಳೆಯದನ್ನು ಸಿರಿಂಜಿನಲ್ಲಿ ಹೀರಿ ಹೊಸ 75ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ, ಹರಿದ ರಬ್ಬರ್ ಬೂಟ್ ಬದಲಿಸಿ. ಕ್ಯಾಬಿನ್‌ಗೆ ಬರುವ ಕಾವೂ ಸದ್ದೂ ಇಳಿಯುತ್ತದೆ. ಕ್ಲಚ್ ಪೆಡಲ್ ಒಮ್ಮೆಗೇ ನೆಲಕ್ಕೆ ಹೋದರೆ ಕ್ಲಚ್ ಪ್ಲೇಟ್‌ಗೆ ಕೈ ಹಾಕುವ ಮುಂಚೆ, ಗೇರ್‌ಬಾಕ್ಸ್ ಬದಿಯಲ್ಲಿ ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರ್ ಸೋರಿದೆಯೇ ನೋಡಿ. ಹೊಸ ಸ್ಲೇವ್ ಹಾಕುವುದಾದರೆ ಪೆಡಲ್ ಬದಿಯ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಹಾಕಿ.

ದಿನನಿತ್ಯದ ಓಡಾಟಕ್ಕೆ ಆಗುತ್ತದೆಯೇ ಅಂದರೆ, ಒಬ್ಬರಿಗೆ ಆಗುತ್ತದೆ. ಆರಡಿ ದಾಟಿದವರಿಗೆ ತಲೆ ತಾಗಬಹುದು. 100 ಕಿ.ಮೀ. ವೇಗದಲ್ಲಿ ಐದನೇ ಗೇರ್‌ನಲ್ಲೂ ಆರ್‌ಪಿಎಂ 3,000 ದಾಟಿರುತ್ತದೆ, ದೂರದ ಪ್ರಯಾಣದಲ್ಲಿ ಕಿವಿಗೆ ದಣಿವು. ಸವಾರಿ ಕುಣಿಯುತ್ತದೆ ಎಂದು ದೂರುವವರು ಮೊದಲು ಟೈರ್ ಗಾಳಿ ನೋಡಲಿ. ಸುಮಾರು ಒಂದು ಟನ್ ತೂಗುವ ಈ ಹಗುರ ಕಾರಿಗೆ ಬೇಕಿರುವುದು 26 ಪಿಎಸ್‌ಐ, ಬಂಕಿನಲ್ಲಿ ಕೇಳದೇ ತುಂಬುವುದು 32.